ಕೋಳಿ ಜೊತೆ ಹೆರಿಟೇಜ್ ಟರ್ಕಿ ಬಿಡಬಹುದಾ? ಮೊದಲು ಮಣ್ಣು ನೋಡಿ, ಆಮೇಲೆ ಮರಿ ತನ್ನಿ

ನೀವು ಕೇಳಿರೋದು ಇಷ್ಟು, ಹಿತ್ತಲಲ್ಲಿ ನಾಲ್ಕು ವರ್ಷದಿಂದ ಹತ್ತು ಹನ್ನೆರಡು ಕೋಳಿ ಇದಾವೆ, ಈಗ ಆರು ಹೆರಿಟೇಜ್ ಟರ್ಕಿ ಮರಿ ತರೋ ಆಸೆ, ಅದೇ ಗೂಡಿಗೆ ಬಿಟ್ರೆ ನಡಿಯತ್ತಾ, ಕೋಳಿ ಸಾಕಿ ಗೊತ್ತಿರೋರಿಗೆ ಇದು ಕಷ್ಟನಾ, ಮತ್ತೆ ಫಾರಂ ಬಿಳಿ ಟರ್ಕಿ ಬಿಟ್ಟು ಹಳೇ ತಳಿನೇ ಯಾಕೆ ಅಂತ.

ಅದೇ ಗೂಡಿಗೆ ಬೇಡ. ಕೋಳಿ ಓಡಾಡಿದ ಜಾಗಕ್ಕೂ ಬೇಡ. ಇದನ್ನ ನಾನು ಓದಿ ಹೇಳ್ತಿಲ್ಲ, ಮಣ್ಣು ಅಗೆದು ಹೂತು ಹೇಳ್ತಿದೀನಿ.

ಮೊದಲ ವರ್ಷ ನಾನೂ ನಿಮ್ಮ ತರಾನೇ ಯೋಚಿಸಿದ್ದೆ, ಟರ್ಕಿ ಅಂದ್ರೆ ದೊಡ್ಡ ಸೈಜಿನ ಕೋಳಿ ಅಷ್ಟೇ ಅಲ್ವಾ ಅಂತ. ಏಳು ಮರಿ ತಂದೆ, ಎರಡು ಮೊದಲ ವಾರದಲ್ಲೇ ಹೋದ್ವು (ಅದರ ಕಥೆ ಆಮೇಲೆ), ಉಳಿದ ಐದು ಚೆನ್ನಾಗಿ ಬೆಳೆದ್ವು, ಹತ್ತು ವಾರ ಆದ್ಮೇಲೆ ಇನ್ನೇನು ಗಟ್ಟಿಯಾದ್ವಲ್ಲ ಅಂತ ಕೋಳಿ ಜೊತೆ ಅಂಗಳಕ್ಕೆ ಬಿಟ್ಟೆ. ಕೆಲವು ವಾರ ಏನೂ ಆಗ್ಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಒಂದು ಮರಿ ರೆಕ್ಕೆ ಜೋಲಿಸ್ಕೊಂಡು, ಕಣ್ಣು ಅರ್ಧ ಮುಚ್ಕೊಂಡು ಮೂಲೇಲಿ ನಿಂತಿತ್ತು, ಹಿಕ್ಕೆ ನೋಡಿದ್ರೆ ಗಂಧಕದ ತರ ಹಳದಿ. ಹತ್ತು ದಿನದಲ್ಲಿ ಐದರಲ್ಲಿ ಮೂರು ಹೋದ್ವು. ಕೋಳಿಗಳು ಮಾತ್ರ ಏನೂ ಆಗದವರ ಹಾಗೆ ಕೆರೀತಾ ಓಡಾಡ್ತಾ ಇದ್ವು, ಒಂದಕ್ಕೂ ಒಂದು ಸೀನೂ ಇಲ್ಲ. ಪಶುವೈದ್ಯರು ಸತ್ತ ಒಂದನ್ನ ಕೊಯ್ದು ತೋರಿಸಿದ್ರು, ಲಿವರ್ ಮೇಲೆ ನಾಣ್ಯ ಒತ್ತಿದ ಹಾಗೆ ದುಂಡುದುಂಡು ಗುರುತು. ಬ್ಲ್ಯಾಕ್‌ಹೆಡ್ ಅಂದ್ರು. ಹೆಸರು ಹಾಗಿದೆ ಅಂತ ತಲೆ ಕಪ್ಪಾಗತ್ತೆ ಅಂತ ಕಾಯ್ಬೇಡಿ, ನಂದರಲ್ಲಿ ಒಂದಕ್ಕೂ ಆಗಿರ್ಲಿಲ್ಲ, ನೋಡ್ಬೇಕಾದ್ದು ಹಿಕ್ಕೆಯ ಬಣ್ಣ.

ಇದು ಹೇಗೆ ಬರತ್ತೆ ಅಂತ ಗೊತ್ತಿದ್ರೆ ನಿಮ್ಮ ಅರ್ಧ ಪ್ರಶ್ನೆಗೆ ನೀವೇ ಉತ್ತರ ಹೇಳ್ಕೋತೀರಿ. ಹಿಸ್ಟೊಮೊನಾಸ್ ಅಂತ ಒಂದು ಏಕಕೋಶ ಜೀವಿ, ಒಂಟಿಯಾಗಿ ಹೊರಗೆ ಬಿದ್ರೆ ಸ್ವಲ್ಪ ಹೊತ್ತಲ್ಲೇ ಸಾಯತ್ತೆ, ಪಾಪದ್ದು. ಆದ್ರೆ ಕೋಳಿ ಕರುಳಲ್ಲಿರೋ ಒಂದು ಸಣ್ಣ ಜಂತುಹುಳದ ಮೊಟ್ಟೆಯೊಳಗೆ ಇದು ಸೇರ್ಕೊಂಡು ಬಿಡತ್ತೆ, ಆ ಮೊಟ್ಟೆ ಹಿಕ್ಕೆ ಜೊತೆ ಮಣ್ಣಿಗೆ ಬಿದ್ರೆ ವರ್ಷಗಟ್ಟಲೆ ಹಾಳಾಗಲ್ಲ, ಅದನ್ನ ಎರೆಹುಳ ತಿನ್ನತ್ತೆ, ಎರೆಹುಳನ ಟರ್ಕಿ ತಿನ್ನತ್ತೆ, ಮುಗೀತು. ಕೋಳಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಸುಮ್ನೆ ಹೊತ್ಕೊಂಡು ತಿರುಗತ್ತೆ. ಟರ್ಕಿ ಹಿಂಡಿಗೆ ಒಂದ್ಸಲ ಬಂದ್ರೆ ಹುಳದ ಸಹಾಯನೂ ಬೇಡ, ಒಂದರಿಂದ ಒಂದಕ್ಕೆ ನೇರವಾಗೇ ಹರಡತ್ತೆ. ಜಂತು ಔಷಧಿ ಹಾಕಿದ್ರೆ ಹುಳ ಸಾಯತ್ತೆ, ಒಳಗಿರೋ ಆ ಜೀವಿಗೆ ಏನೂ ಆಗಲ್ಲ. ಅಮೆರಿಕದಲ್ಲಿ ಇದನ್ನ ತಡೆಯೋಕೆ ಆಹಾರದಲ್ಲಿ ಹಾಕ್ತಿದ್ದ ನೈಟಾರ್ಸೋನ್ ಅನ್ನೋದು ಆರ್ಸೆನಿಕ್ ಇರೋ ಔಷಧಿ, 2015ರ ಕೊನೆಗೆ ಅದೂ ಮಾರ್ಕೆಟ್ಟಿಂದ ಹೋಯ್ತು. ಹಾಗಾಗಿ ಬಂದ್ಮೇಲೆ ನೋಡ್ಕೊಳ್ಳೋಣ ಅನ್ನೋ ಕಾಯಿಲೆ ಅಲ್ಲ ಇದು.

"ನಾವು ಹತ್ತು ವರ್ಷದಿಂದ ಒಟ್ಟಿಗೇ ಸಾಕ್ತಿದೀವಿ, ಏನೂ ಆಗಿಲ್ಲ" ಅನ್ನೋರು ನಿಮಗೆ ಸಿಕ್ಕೇ ಸಿಗ್ತಾರೆ. ಸುಳ್ಳು ಹೇಳ್ತಿಲ್ಲ ಅವರು. ಅವರ ಮಣ್ಣಲ್ಲಿ ಆ ಹುಳ ಇಲ್ಲ, ಅಥವಾ ಇನ್ನೂ ಬಂದಿಲ್ಲ. ನಿಮ್ಮ ಅಂಗಳದಲ್ಲಿ ನಾಲ್ಕು ವರ್ಷದ ಕೋಳಿ ಹಿಕ್ಕೆ ಇದೆ, ನಾನಾಗಿದ್ರೆ ಆ ಜೂಜು ಆಡಲ್ಲ. ಕೋಳಿ ಕಾಲಿಟ್ಟಿರದ ಒಂದು ತುಂಡು ಜಾಗ ಇದೆಯಾ ನೋಡಿ, ನೀರು ನಿಲ್ಲದೆ ಒಣಗಿರೋ ಕಡೆ ಆದ್ರೆ ಇನ್ನೂ ಒಳ್ಳೇದು, ಅದಕ್ಕೆ ಬೇರೆ ಬೇಲಿ, ಬೇರೆ ಗೂಡು, ಬೇರೆ ಸಲಿಕೆ, ಮತ್ತೆ ನಿಮ್ಮ ಚಪ್ಪಲಿನೂ ಬೇರೆ. ನಗ್ಬೇಡಿ, ಕೋಳಿ ಗೂಡಿನ ಕೆಸರು ಚಪ್ಪಲಿಗೆ ಅಂಟ್ಕೊಂಡೇ ಬರೋದು. ಅಂಥ ಜಾಗ ಇಲ್ಲ ಅಂದ್ರೆ ಟರ್ಕಿ ಆಸೆ ಸದ್ಯಕ್ಕೆ ಬಿಟ್ಬಿಡಿ ಅಂತ ನೇರವಾಗೇ ಹೇಳ್ತೀನಿ.

ಈಗ ಆ ಮೊದಲ ವಾರದ ಕಥೆ. ಕೋಳಿ ಮರಿ ಹುಟ್ಟಿದ ದಿನಾನೇ ಕುಟುಕೋಕೆ ಶುರು ಮಾಡತ್ತೆ, ಟರ್ಕಿ ಮರಿಗೆ ಅಷ್ಟು ಬುದ್ಧಿ ಇರಲ್ಲ, ಪಕ್ಕದಲ್ಲೇ ನೀರು ಕಾಳು ಇಟ್ಕೊಂಡು ಹಸಿದು ಸಾಯತ್ತೆ. ನನ್ನೆರಡು ಹಾಗೇ ಹೋಗಿದ್ದು, ಹೊಟ್ಟೆ ಖಾಲಿ, ತಟ್ಟೆ ತುಂಬ ಫೀಡು. ಈಗ ನಾನು ಪ್ರತಿ ಮರಿಯ ಕೊಕ್ಕನ್ನೂ ಒಂದೊಂದಾಗಿ ನೀರಿಗೆ ಅದ್ದಿ ತೋರಿಸ್ತೀನಿ, ನೀರಿನ ತಟ್ಟೇಲಿ ಬಣ್ಣದ ಗೋಲಿ ಹಾಕಿಡ್ತೀನಿ, ಹೊಳೆಯೋದನ್ನ ಕಂಡ್ರೆ ಕುಟುಕೋಕೆ ಬರ್ತಾವೆ, ಹಾಗೇ ನೀರು ಕುಡಿಯೋದು ಕಲೀತಾವೆ, ಗೋಲಿ ಇರೋದ್ರಿಂದ ಮುಳುಗಿ ಸಾಯೋದೂ ತಪ್ಪತ್ತೆ. ಮೊದಲ ಮೂರು ದಿನ ರಾತ್ರಿನೂ ಎದ್ದು ನೋಡ್ತೀನಿ, ಮನೇಲಿ ಬೈತಾರೆ. ಬ್ರೂಡರ್ (ಬಲ್ಬ್ ಹಾಕಿ ಮರಿಗಳನ್ನ ಬೆಚ್ಚಗಿಡೋ ಜಾಗ) ಬಿಸಿ ಮೊದಲ ವಾರ 35 ಡಿಗ್ರಿ ಹತ್ತಿರ ಇರ್ಲಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸ್ತಾ ಬನ್ನಿ, ಥರ್ಮಾಮೀಟರಿಗಿಂತ ಮರಿಗಳನ್ನ ನಂಬಿ, ಬಲ್ಬ್ ಕೆಳಗೆ ಗುಂಪು ಕಟ್ಟಿದ್ರೆ ಚಳಿ, ದೂರ ಓಡಿ ಬಾಯಿ ತೆರೆದ್ರೆ ಸೆಕೆ. ಕೆಳಗೆ ನ್ಯೂಸ್‌ಪೇಪರ್ ಹಾಸ್ಬೇಡಿ, ಜಾರಿ ಜಾರಿ ಕಾಲು ಅಗಲಕ್ಕೆ ಹೋಗಿಬಿಡತ್ತೆ, ಆಮೇಲೆ ಸರಿ ಮಾಡೋದು ಕಷ್ಟ.

ಫೀಡ್ ವಿಷಯದಲ್ಲಿ ಕೋಳಿ ಸಾಕಿದವರೇ ಜಾಸ್ತಿ ತಪ್ಪು ಮಾಡೋದು. ಕೋಳಿ ಮರಿಗೆ ಶುರುವಿನಲ್ಲಿ ಹಾಕೋ ಸ್ಟಾರ್ಟರ್ ಫೀಡ್‌ನಲ್ಲಿ ಪ್ರೋಟೀನ್ 20 ಪರ್ಸೆಂಟ್ ಆಸುಪಾಸು ಇರತ್ತೆ, ಟರ್ಕಿ ಮರಿಗೆ ಮೊದಲ ಎಂಟು ವಾರ 28 ಪರ್ಸೆಂಟ್ ಬೇಕು, ನಯಾಸಿನ್ ವಿಟಮಿನ್ನೂ ಕೋಳಿಗಿಂತ ಜಾಸ್ತಿ ಬೇಕು, ಇಲ್ಲಾಂದ್ರೆ ಕಾಲಿನ ಗಂಟು ಊದಿ ಕುಂಟೋಕೆ ಶುರು ಮಾಡ್ತಾವೆ. ಮನೇಲಿ ಇದೆಯಲ್ಲ ಅಂತ ಕೋಳಿ ಫೀಡನ್ನೇ ಹಾಕ್ಬೇಡಿ. ದೊಡ್ಡದಾಗ್ತಾ ಪ್ರೋಟೀನ್ ಕಮ್ಮಿ ಮಾಡ್ಕೊಂಡು ಹೋಗಬಹುದು, ಹುಲ್ಲು ಮೇಯೋಕೆ ಕಲಿತ್ಮೇಲಂತೂ ದಿನವಿಡೀ ಸೊಪ್ಪು, ಮಿಡತೆ ಅಂತ ತಿರುಗ್ತಾನೇ ಇರ್ತಾವೆ.

ಇನ್ನು ಹೆರಿಟೇಜ್ ಯಾಕೆ ಅಂತ. ಫಾರಂ ಬಿಳಿ ಟರ್ಕಿ ಎದೆ ಅಗಲ ಮಾಡಿ ಮಾಡಿ ಅದಕ್ಕೆ ತಾನಾಗಿ ಕೂಡೋಕೇ ಆಗಲ್ಲ, ಮರಿ ಬೇಕಂದ್ರೆ ಕೃತಕ ಗರ್ಭಧಾರಣೆನೇ. ಹೆರಿಟೇಜ್ ಅಂತ ಕರೀಬೇಕಾದ್ರೆ ಮೂರು ಇರ್ಬೇಕು, ತಾನಾಗಿ ಕೂಡಿ ಮರಿ ಮಾಡ್ಬೇಕು, ಹೊರಗೆ ಓಡಾಡ್ಕೊಂಡು ಹೆಚ್ಚು ವರ್ಷ ಬದುಕಿ ಮೊಟ್ಟೆ ಇಡೋ ತ್ರಾಣ ಇರ್ಬೇಕು (ಹೇಂಟೆ ಐದರಿಂದ ಏಳು ವರ್ಷ, ಗಂಡು ಮೂರರಿಂದ ಐದು), ನಿಧಾನಕ್ಕೆ ಬೆಳೀಬೇಕು, ತೂಕಕ್ಕೆ ಬರೋಕೆ ಸುಮಾರು 28 ವಾರ. ಬೇಗ ಮಾಂಸ ಬೇಕು ಅನ್ನೋರಿಗೆ ಇದು ನಷ್ಟದ ವ್ಯವಹಾರ, ಮುಚ್ಚಿಡೋದೇನು. ಆದ್ರೆ ನಿಮ್ಮ ಹಿಂಡು ವರ್ಷ ವರ್ಷ ತಾನೇ ಮುಂದುವರೀಬೇಕು ಅಂದ್ರೆ ಇದೇ ಸರಿ. ತಳಿಗಳಲ್ಲಿ ನರಗ್ಯಾನ್ಸೆಟ್ ಅಂತ ಒಂದಿದೆ, 1874ರಲ್ಲೇ ಅಮೆರಿಕದ ಪೌಲ್ಟ್ರಿ ಸ್ಟ್ಯಾಂಡರ್ಡ್‌ಗೆ, ಅಂದ್ರೆ ಮಾನ್ಯ ತಳಿಗಳ ಪಟ್ಟಿಗೆ, ಸೇರಿದ್ದು, ಸ್ವಭಾವ ಮೆದು. ಬೌರ್ಬನ್ ರೆಡ್ ಕಡು ಕೆಂಪು, ರೆಕ್ಕೆ ಬಾಲ ಬಿಳಿ. ರಾಯಲ್ ಪಾಮ್ ಬಿಳಿ ಮೈಗೆ ಕಪ್ಪು ಅಂಚು, ಸೈಜ್ ಚಿಕ್ಕದು, ನೋಡೋಕೆ ಚೆಂದ, ಆದ್ರೆ ಹಾರತ್ತೆ ಸ್ವಾಮಿ, ಎಲ್ಲಿಗೆ ಬೇಕಾದ್ರೂ ಹಾರತ್ತೆ. ನನ್ನ ಹತ್ರ ಇರೋದೂ ಅದೇ, ಮೊದಲ ಹೇಂಟೆ ಆರು ಅಡಿ ಬೇಲಿನ ಲೆಕ್ಕಕ್ಕೇ ಇಡ್ದೆ ರಾತ್ರಿ ಎಲ್ಲ ಮನೆ ಮಾಡಿನ ಮೇಲೆ ಕೂತಿರ್ತಿತ್ತು. ಒಂದೇ ಕಡೆ ರೆಕ್ಕೆಯ ಉದ್ದ ಗರಿ ಕತ್ತರಿಸಿದ್ರೆ ಬ್ಯಾಲೆನ್ಸ್ ತಪ್ಪಿ ಹಾರೋಕಾಗಲ್ಲ, ನೋವೂ ಆಗಲ್ಲ, ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸ್ಬೇಕು. ಬಲಿತ ಗರಿ ಮಾತ್ರ ಮುಟ್ಟಿ, ಹೊಸ ಗರಿ ಬುಡದಲ್ಲಿ ರಕ್ತ ಇರತ್ತೆ. ಕೂರೋಕೆ ಎತ್ತರದಲ್ಲಿ ಅಗಲ ಹಲಗೆ ಕೊಡಿ, ಸಣ್ಣ ಕೋಲು ಸಾಲಲ್ಲ, ಅಷ್ಟು ಭಾರಕ್ಕೆ ಎದೆಮೂಳೆ ಸೊಟ್ಟ ಆಗ್ಬಹುದು.

ಮೊಟ್ಟೆ ವರ್ಷವಿಡೀ ಅಂತ ಲೆಕ್ಕ ಹಾಕ್ಬೇಡಿ, ಹಗಲು ಉದ್ದ ಆಗ್ತಾ ಬಂದಾಗ ಶುರು ಮಾಡಿ ಕೆಲವು ತಿಂಗಳು ಇಡ್ತಾವೆ ಅಷ್ಟೇ. ಕೆನೆ ಬಣ್ಣದ ಮೇಲೆ ಕಂದು ಚುಕ್ಕೆ. ಪೊದೆ ಸಂದಿಲಿ ಬಚ್ಚಿಟ್ಟು ಕಾವು ಕೂರೋ ಚಟ ಇದೆ, ಮರಿ ಆಗೋಕೆ 28 ದಿನ, ಕೋಳಿಗಿಂತ ಒಂದು ವಾರ ಜಾಸ್ತಿ. ತುಂಬ ಜನ ಟರ್ಕಿ ಮೊಟ್ಟೆನ ಕೋಳಿ ಕೆಳಗೆ ಕಾವಿಗಿಡ್ತಾರೆ, ಕೋಳಿ ತಾಯಿ ಚೆನ್ನಾಗೇ ಸಾಕತ್ತೆ, ತಿನ್ನೋದನ್ನೂ ಕಲಿಸತ್ತೆ, ಆದ್ರೆ ಮೇಲೆ ಹೇಳಿದ ಕಾಯಿಲೆನೂ ಅವಳ ಹಿಕ್ಕೆಲೇ ಬರೋದು, ಅದಕ್ಕೆ ನಾನು ಇನ್‌ಕ್ಯುಬೇಟರ್ ಇಲ್ಲಾ ಟರ್ಕಿ ಹೇಂಟೆ, ಎರಡೇ.

ಆರು ಮರಿ ಸಂಖ್ಯೆ ಸರಿಯಾಗಿದೆ, ಒಂಟಿ ಟರ್ಕಿ ಅಂತೂ ಸಾಕ್ಬೇಡಿ, ಕೂಗಿ ಕೂಗಿ ಸೊರಗತ್ತೆ. ಆದ್ರೆ ಮರಿಲಿ ಗಂಡು ಹೆಣ್ಣು ನಮ್ಮಂಥೋರಿಗೆ ಗೊತ್ತಾಗಲ್ಲ, ಮೂರು ಗಂಡು ಬಂತು ಅಂತಾನೇ ಇಟ್ಕೊಳ್ಳಿ. ಒಂದು ಗಂಡಿಗೆ ಎಂಟು ಹತ್ತು ಹೇಂಟೆ ಇದ್ರೂ ಸಾಕಾಗತ್ತೆ, ಮೂರು ಹೇಂಟೆಗೆ ಮೂರು ಗಂಡು ಅಂದ್ರೆ ಹೇಂಟೆ ಬೆನ್ನಿನ ಚರ್ಮ ಹರಿದು ಹೋಗತ್ತೆ, ಗಂಡುಗಳು ಒಬ್ಬರ ಕೊಕ್ಕಿನ ಮೇಲೆ ಜೋತುಬೀಳೋ ಆ ಸೊಂಡಿಲಿನಂಥ ಮಾಂಸನ ಇನ್ನೊಬ್ಬರು ಕಚ್ಚಿ ಎಳೆದಾಡ್ತಾವೆ. ಜಾಸ್ತಿ ಗಂಡನ್ನ ಏನು ಮಾಡ್ತೀರಿ ಅಂತ ಮರಿ ತರೋಕೆ ಮುಂಚೇನೇ ಮನೇಲಿ ಕೂತು ಮಾತಾಡಿ, ಹೆಸರಿಟ್ಮೇಲೆ ಆ ಮಾತು ಬರಲ್ಲ.

ಹಾಂ, ಪಕ್ಕದ ಮನೆಯವರಿಗೂ ಒಂದು ಮಾತು ಹೇಳಿಡಿ. ಹೇಂಟೆಗಳು ಪಾಪ ಮೆಲ್ಲಗೆ ಗೊಣಗ್ತಾವೆ ಅಷ್ಟೇ, ಗಂಡು ಮಾತ್ರ ಯಾವ ಸದ್ದಿಗೂ ಉತ್ತರ ಕೊಡ್ದೆ ಬಿಡಲ್ಲ, ಬಾಗಿಲು ಬಡಿದ್ರೂ ಸರಿ, ಗಾಡಿ ಹಾರ್ನ್ ಆದ್ರೂ ಸರಿ. ಬೆಳಿಗ್ಗೆ ನಾನು ಎದ್ದು ಸೀನಿದ್ರೆ ಹಿತ್ತಲಿಂದ ಗೊಳಗೊಳಗೊಳ ಅಂತ ಬರತ್ತೆ, ಎರಡನೇ ಸೀನು ಬರೋವರೆಗೂ ಕಾಯ್ತಾ ಇರತ್ತೆ.