ಹಳೇ ಕಾರಿನಲ್ಲಿ ಘಟ್ಟ ಇಳಿಯುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 1968ರ ಅಂಬಾಸಿಡರ್. ಆಗುಂಬೆ ಘಾಟಿ ಇಳಿಯುವಾಗ ಏಳೆಂಟು ತಿರುವು ದಾಟಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿ ತಳಕ್ಕೇ ಹೋಯಿತು. ಸೋಮೇಶ್ವರದಲ್ಲಿ ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಹೋಯಿತು. ಮೆಕ್ಯಾನಿಕ್ ನೋಡಿ ಏನೂ ತೊಂದರೆಯಿಲ್ಲ ಅಂದರು. ಡಿಸೆಂಬರಿನಲ್ಲಿ ಇದರಲ್ಲೇ ಗೋವಾಕ್ಕೆ ಹೋಗುವುದಿದೆ. ಧೈರ್ಯ ಮಾಡಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಈಗಿರುವಂತೆ ಬೇಡ. ತೊಂದರೆ ಇದ್ದೇ ಇದೆ, ಕಾರು ತಣ್ಣಗಿರುವಾಗ ಕಾಣುವುದಿಲ್ಲ ಅಷ್ಟೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಅದರಲ್ಲಿ ಶೇ. 3.7ರಷ್ಟು ನೀರು ಸೇರಿದರೆ 140 ಡಿಗ್ರಿಯ ಸುಮಾರಿಗೇ ಕುದಿಯಬಹುದು. ಬ್ರೇಕ್ ಡ್ರಮ್ಮಿನ ಕಾವು ಚಕ್ರದಲ್ಲಿ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರಿಗೆ ತಲುಪಿ ಆಯಿಲ್ ಆವಿಯಾಯಿತು. ಪೆಡಲ್ ಒತ್ತಿದಾಗ ಆವಿ ಕುಗ್ಗುತ್ತದೆಯೇ ಹೊರತು ಬ್ರೇಕ್ ಶೂ ಅಗಲುವುದಿಲ್ಲ. ತಣಿದ ಮೇಲೆ ಆವಿ ಮತ್ತೆ ದ್ರವವಾಗುವುದರಿಂದ ಎಲ್ಲ ಸರಿಯಿದ್ದಂತೆ ತೋರುತ್ತದೆ.

ಬೇರೆ ಎರಡು ದೋಷಗಳ ಲಕ್ಷಣವೂ ಗೊತ್ತಿರಲಿ. ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ನಿಲ್ಲದಿದ್ದರೆ ಬ್ರೇಕ್ ಶೂ ಮೇಲಿನ ಲೈನರ್ ಕಾದು ಹಿಡಿತ ಬಿಟ್ಟಿದೆ. ತಣ್ಣಗಿರುವಾಗಲೂ ಒತ್ತಿ ಹಿಡಿದ ಪೆಡಲ್ ನಿಧಾನಕ್ಕೆ ಕೆಳಗಿಳಿಯುತ್ತಿದ್ದರೆ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ.

ಹಳೇ ಬ್ರೇಕ್ ಆಯಿಲ್ ಪೂರ್ತಿ ಬದಲಿಸಲು, ಇನ್ನೂ ಹೆಚ್ಚು ಕಾವು ತಾಳುವ ಡಾಟ್ 4 ಒಂದು ಲೀಟರ್ ತನ್ನಿ. ಹೊಸದಾಗಿ ಒಡೆದ ಡಬ್ಬಿಯೇ ಆಗಬೇಕು. ಗ್ಯಾರೇಜಿನಲ್ಲಿ ಮುಚ್ಚಳ ತೆರೆದಿಟ್ಟದ್ದು ಆಗಲೇ ತೇವ ಕುಡಿದಿರುತ್ತದೆ. ಹಿಂದಿನ ಎಡ ಚಕ್ರದಿಂದ ಶುರುಮಾಡಿ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಚಕ್ರದ ಹಿಂಬದಿಯ, ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ, ಅವರು ಕಾಲು ತೆಗೆಯುವ ಮೊದಲೇ ಬಿಗಿ ಮಾಡಿ. ಕಂದು ಬಣ್ಣ ಹೋಗಿ ತಿಳಿ ಆಯಿಲ್ ಬರುವ ತನಕ ಬಿಡಬೇಡಿ. ನಡುವೆ ಮಾಸ್ಟರ್ ಸಿಲಿಂಡರಿನ ಆಯಿಲ್ ಡಬ್ಬಿ ಖಾಲಿಯಾದರೆ ಗಾಳಿ ಸೇರಿ ಮೊದಲಿಂದ ಮಾಡಬೇಕಾಗುತ್ತದೆ. ಮುಂದಿನ ಎರಡು, ಹಿಂದಿನ ಒಂದು ರಬ್ಬರ್ ಪೈಪು ಬಗ್ಗಿಸಿದಾಗ ಬಿರುಕು ಕಂಡರೆ ಬದಲಿಸಿ. ವೀಲ್ ಸಿಲಿಂಡರಿನ ರಬ್ಬರನ್ನು ಪೆಟ್ರೋಲಿನಲ್ಲೋ ಡೀಸೆಲಿನಲ್ಲೋ ತೊಳೆಯಲು ಬಿಡಲೇಬೇಡಿ, ಊದಿಕೊಂಡು ಸಿಕ್ಕಿಕೊಳ್ಳುತ್ತದೆ.

ಇಷ್ಟು ಮಾಡಿದರೂ ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರಿನಲ್ಲೇ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವ ಚಾಳಿ ಈ ಕಾರುಗಳಿಗೆ ಅಪಾಯಕಾರಿ.

ಪ್ರಶ್ನೆ: ಪ್ರೀಮಿಯರ್ ಪದ್ಮಿನಿ ಏರು ಹತ್ತಿ ನಿಂತರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಎಂಜಿನ್ನಿನ ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಆಗುತ್ತದೆ.
– ಓದುಗರು, ಸಾಗರ

ಉತ್ತರ: ಒದ್ದೆ ಬಟ್ಟೆಗೆ ಬಗ್ಗಿದರೆ ಪಂಪು, ಪೈಪಿನಲ್ಲಿ ಪೆಟ್ರೋಲ್ ಆವಿಯಾಗುತ್ತಿರುವ ಸಾಧ್ಯತೆಯೇ ಹೆಚ್ಚು. ಆದರೂ ಮುಂದಿನ ಸಲ ಕಿಡಿಯನ್ನೂ ನೋಡಿ. ಕಿಡಿ ಹುಟ್ಟಿಸುವ ಕಾಯಿಲ್, ಕಂಡೆನ್ಸರ್ ಕೂಡ ಬಿಸಿಗೆ ಕೈಕೊಟ್ಟು ತಣಿದ ಮೇಲೆ ಸರಿಹೋಗುತ್ತವೆ. ಪೆಟ್ರೋಲ್ ಪೈಪು ಸೈಲೆನ್ಸರ್ ಮ್ಯಾನಿಫೋಲ್ಡಿನ ಹತ್ತಿರ ಹಾಯ್ದಿದ್ದರೆ ದೂರ ಸರಿಸಿ. ಪಂಪ್ ಮತ್ತು ಬ್ಲಾಕ್ ನಡುವಿನ ದಪ್ಪ ಪ್ಯಾಕಿಂಗ್ ತೆಗೆದುಹಾಕಿದ್ದರೆ ಮತ್ತೆ ಹಾಕಿಸಿ, ಕಾವು ತಡೆಯಲೆಂದೇ ಅದಿರುವುದು.

ಈಗ ಬಂಕಿನಲ್ಲಿ ಸಿಗುವ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪು, ಪಂಪಿನೊಳಗಿನ ಪೊರೆ (ಡಯಾಫ್ರಮ್) ಎರಡನ್ನೂ ಕೆಡಿಸುತ್ತದೆ. ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ಏರಿದ್ದರೆ ಹರಿದ ಡಯಾಫ್ರಮ್ಮಿನಿಂದ ಪೆಟ್ರೋಲ್ ಎಂಜಿನ್ ತಳದ ಆಯಿಲ್ ಸಂಪಿಗೆ ಇಳಿಯುತ್ತಿರಬಹುದು. ಹಾಗಿದ್ದರೆ ಓಡಿಸಬೇಡಿ, ಡಯಾಫ್ರಮ್ ಜೊತೆಗೆ ಎಂಜಿನ್ ಆಯಿಲನ್ನೂ ಬದಲಿಸಿ.

ಪ್ರಶ್ನೆ: ದೂರದ ಪ್ರಯಾಣಕ್ಕೆ ಏನೇನು ಸ್ಪೇರ್ ಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಕಿಡಿ ವ್ಯವಸ್ಥೆಯ ಸಿ.ಬಿ. (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್, ಕಂಡೆನ್ಸರ್, ರೋಟರ್, ಫ್ಯಾನ್ ಬೆಲ್ಟ್, ರೇಡಿಯೇಟರಿನ ಎರಡೂ ಹೋಸ್, ಪೆಟ್ರೋಲ್ ಪಂಪ್ ರಿಪೇರಿ ಕಿಟ್, ಅರ್ಧ ಲೀಟರ್ ಬ್ರೇಕ್ ಆಯಿಲ್, 5 ಲೀಟರ್ ನೀರು, ಚಕ್ರಕ್ಕೆ ಕೊಡಲು ಎರಡು ಮರದ ತುಂಡು. ಜೋರು ಮಳೆಯಲ್ಲಿ ಎಂಜಿನ್ ನಿಂತರೆ ಮೊದಲು ಡೆಲ್ಕೋ (ಡಿಸ್ಟ್ರಿಬ್ಯೂಟರ್) ಕ್ಯಾಪಿನ ಒಳಗನ್ನು ಒಣಬಟ್ಟೆಯಿಂದ ಒರೆಸಿ.

ಪ್ರಶ್ನೆ: 50 ವರ್ಷ ದಾಟಿದ ಕಾರಿಗೆ ‘ವಿಎ’ ಸರಣಿಯ ವಿಂಟೇಜ್ ನೋಂದಣಿ ಮಾಡಿಸಲೇ?
– ಓದುಗರು, ಭದ್ರಾವತಿ

ಉತ್ತರ: ಊರೂರು ಸುತ್ತುವ ಆಸೆಯಿದ್ದರೆ ಬೇಡ. 2021ರ ನಿಯಮದ ಪ್ರಕಾರ ಅಂಥ ಕಾರನ್ನು ರ‍್ಯಾಲಿ, ಪ್ರದರ್ಶನ, ರಿಪೇರಿ, ಇಂಧನ ತುಂಬಿಸುವುದು ಮುಂತಾದ ಕೆಲಸಗಳಿಗಷ್ಟೇ ರಸ್ತೆಗೆ ತರಬಹುದು. ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸುತ್ತಾ ಬನ್ನಿ.