ಮ್ಯೂನಿಕ್ಕೋ ಐಂಡ್‌ಹೋವನ್ನೋ: ತೆರಿಗೆ ಒಂದನ್ನೇ ನೋಡಬೇಡಿ

ಶಿವಮೊಗ್ಗದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಬರೆದ ಪತ್ರದ ಸಾರ ಇಷ್ಟು: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಳಿಯನಿಗೆ ಜರ್ಮನಿಯ ಮ್ಯೂನಿಕ್‌ನಿಂದ ಒಂದು, ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಿಂದ ಒಂದು ಆಫರ್ ಬಂದಿದೆ. ಎರಡೂ ಕಡೆ ವರ್ಷಕ್ಕೆ 70,000 ಯೂರೋ. ಮಕ್ಕಳಿಗೆ 6 ಮತ್ತು 2 ವರ್ಷ. ಮಗಳೂ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದಾಳೆ, ಹೊರಡುವಾಗ ಕೆಲಸ ಬಿಡುತ್ತಾಳೆ. ಜರ್ಮನಿಯಲ್ಲಿ ಅರ್ಧ ಸಂಬಳ ತೆರಿಗೆಗೇ ಹೋಗುತ್ತದಂತೆ, ಸ್ವಿಟ್ಜರ್ಲೆಂಡ್‌ಗೆ ಪ್ರಯತ್ನ ಮಾಡಲಿ ಅಂತ ಬೀಗರು ಹೇಳುತ್ತಿದ್ದಾರೆ. ಯಾವುದು ಸರಿ?

ನಮಸ್ಕಾರ ಸರ್,

ಮೊದಲು ಆ ಅರ್ಧ ಸಂಬಳದ ಮಾತು. ಅದು ಪೂರ್ತಿ ಸುಳ್ಳಲ್ಲ, ಆದರೆ ನಿಮ್ಮ ಅಳಿಯಂದಿರ ಲೆಕ್ಕ ಅದಲ್ಲ. ಶ್ರೀಮಂತ ದೇಶಗಳೇ ಹೆಚ್ಚಾಗಿರುವ ಓಇಸಿಡಿ ಅನ್ನುವ ಸಂಘಟನೆ, ಒಬ್ಬ ನೌಕರನಿಗೆ ಆಗುವ ಒಟ್ಟು ಖರ್ಚಿನಲ್ಲಿ ತೆರಿಗೆ, ವಿಮೆ ಅಂತ ಎಷ್ಟು ಹೋಗುತ್ತದೆ ಅನ್ನುವ ಪಟ್ಟಿಯನ್ನು ಪ್ರತಿ ವರ್ಷ ಮಾಡುತ್ತದೆ. 2024ರ ಲೆಕ್ಕದಲ್ಲಿ ಬೆಲ್ಜಿಯಂ ಶೇ. 53ರ ಹತ್ತಿರ ಮೊದಲನೆಯದು, ಜರ್ಮನಿ ಶೇ. 48ರ ಹತ್ತಿರ ಎರಡನೆಯದು. ಎಲ್ಲರೂ ಹೇಳುವುದು ಈ ಅಂಕಿಯನ್ನೇ. ಆದರೆ ಇದು ಮದುವೆಯಾಗದ, ಮಕ್ಕಳಿಲ್ಲದ, ಸರಾಸರಿ ಸಂಬಳದವರದ್ದು. ಅದೂ ಅಲ್ಲದೆ ಕಂಪನಿ ತನ್ನ ಜೇಬಿನಿಂದ ಕಟ್ಟುವ ಪಿಂಚಣಿ, ಆರೋಗ್ಯ ವಿಮೆಯ ಪಾಲೂ ಇದರಲ್ಲಿ ಸೇರಿದೆ. ಒಬ್ಬರೇ ದುಡಿಯುವ, ಎರಡು ಮಕ್ಕಳಿರುವ ಮನೆಗೆ ಅದೇ ಪಟ್ಟಿಯಲ್ಲಿ ಜರ್ಮನಿಯ ಅಂಕಿ ಶೇ. 33ರ ಆಸುಪಾಸಿಗೆ ಇಳಿಯುತ್ತದೆ. ದೇಶ ಅದೇ, ಮನೆ ಬೇರೆ, ಅಷ್ಟೇ.

ಹಾಗಾಗಿ ನಾನು 2025ರ ನಿಯಮ ಇಟ್ಟುಕೊಂಡು ನಿಮ್ಮ ಮನೆಗೇ ಲೆಕ್ಕ ಹಾಕಿದೆ. ಅಂದಾಜು ಅಂತಲೇ ತಿಳಿಯಿರಿ.

ಮ್ಯೂನಿಕ್‌ನಲ್ಲಿ 70,000ಕ್ಕೆ ಒಂಟಿ ಹುಡುಗನ ಕೈಗೆ ತಿಂಗಳಿಗೆ 3,500 ಯೂರೋ ಚಿಲ್ಲರೆ ಬರುತ್ತದೆ. ಹೆಂಡತಿಗೆ ಸಂಬಳ ಇಲ್ಲದಿದ್ದರೆ ಗಂಡ ಕಡಿಮೆ ತೆರಿಗೆ ಹಿಡಿಯುವ ಮೂರನೇ ತೆರಿಗೆ ವರ್ಗಕ್ಕೆ ಹೋಗಬಹುದು. ಆಗ 4,000 ಆಸುಪಾಸು. ಇದರ ಮೇಲೆ ಸರ್ಕಾರ ಮಕ್ಕಳ ಹಣ ಅಂತ 2025ರಲ್ಲಿ ಒಂದೊಂದು ಮಗುವಿಗೆ ತಿಂಗಳಿಗೆ 255 ಯೂರೋ ಕೊಡುತ್ತಿತ್ತು. ಒಟ್ಟು 4,500. ಸಂಬಳದಲ್ಲಿ ಹಿಡಿದುಕೊಂಡ ಆರೋಗ್ಯ ವಿಮೆಯಲ್ಲೇ ಮಗಳು, ಮೊಮ್ಮಕ್ಕಳು ಮೂವರೂ ಸೇರಿರುತ್ತಾರೆ, ಬೇರೆ ಕಂತು ಇಲ್ಲ. ಇನ್ನೊಂದು ಸಣ್ಣ ವಿಷಯ: ಮ್ಯೂನಿಕ್‌ಗೆ ಹೋದ ಕೂಡಲೇ ವಿಳಾಸ ನೋಂದಣಿ ಮಾಡಿಸಬೇಕು, ಅಲ್ಲಿ ಧರ್ಮ ಕೇಳುತ್ತಾರೆ. ಸುಮ್ನೆ ಏನೋ ಒಂದು ಬರೆದುಬಿಡಬಾರದು. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟೆಂಟ್ ಅಂತ ಬಿದ್ದರೆ ಚರ್ಚ್ ತೆರಿಗೆ ಶುರುವಾಗುತ್ತದೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಅದು ಆದಾಯ ತೆರಿಗೆಯ ಶೇ. 8.

ಐಂಡ್‌ಹೋವನ್‌ನಲ್ಲಿ ಆಟವೇ ಬೇರೆ. ಹೊರದೇಶದಿಂದ ಕರೆಸಿಕೊಂಡ ಪರಿಣತರಿಗೆ ಸಂಬಳದ ಶೇ. 30ರಷ್ಟಕ್ಕೆ ತೆರಿಗೆ ಇಲ್ಲ, ಹೆಚ್ಚೆಂದರೆ 5 ವರ್ಷ. ಈ ರಿಯಾಯಿತಿ ಸಿಕ್ಕರೆ 70,000ಕ್ಕೆ ಕೈಗೆ ತಿಂಗಳಿಗೆ ಸುಮಾರು 4,900 ಬರುತ್ತದೆ. ಅದು ಮೇ ತಿಂಗಳಲ್ಲಿ ಕೊಡುವ ರಜೆ ಭತ್ಯೆಯನ್ನೂ ಸೇರಿಸಿ ಹಾಕಿದ ಸರಾಸರಿ. ಆಫರ್‌ನಲ್ಲಿ ಹೇಳಿರುವ 70,000ದಲ್ಲಿ ಆ ಶೇ. 8 ಭತ್ಯೆ ಸೇರಿದೆಯೋ ಇಲ್ಲವೋ, ಇದನ್ನು ಕೇಳಲೇಬೇಕು. ಅಲ್ಲಿ ಆರೋಗ್ಯ ವಿಮೆ ಸಂಬಳದಲ್ಲಿ ಹಿಡಿಯುವುದಿಲ್ಲ, ದೊಡ್ಡವರು ಒಬ್ಬೊಬ್ಬರೂ ತಿಂಗಳಿಗೆ 155ರ ಆಸುಪಾಸು ತಾವೇ ಕಟ್ಟಬೇಕು. ಮಕ್ಕಳಿಗೆ 18 ವರ್ಷದ ತನಕ ಕಂತಿಲ್ಲ. ವಿಮೆ ಕಳೆದು, ಅಲ್ಲಿನ ಮಕ್ಕಳ ಹಣ ಎರಡಕ್ಕೂ ಸೇರಿ ತಿಂಗಳಿಗೆ 200 ಅಂತ ಕೂಡಿದರೆ 4,800 ಉಳಿಯಿತು. ಮ್ಯೂನಿಕ್‌ಗಿಂತ 300 ಜಾಸ್ತಿ.

ಆದರೆ ಈ 30 ಅನ್ನುವುದು 2027ರಿಂದ 27ಕ್ಕೆ ಇಳಿಯುತ್ತದೆ, ತಿಂಗಳಿಗೆ ನೂರರ ಹತ್ತಿರ ಹೋಯಿತು. 5 ವರ್ಷ ಮುಗಿದ ಮೇಲೆ ರಿಯಾಯಿತಿಯೇ ಇಲ್ಲ. ಆಗ ಅದೇ 70,000ಕ್ಕೆ ಎಲ್ಲ ಕಳೆದು ಕೂಡಿ ಉಳಿಯುವುದು 4,000ಕ್ಕೂ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಸಂಬಳ ಏರಿರುತ್ತದೆ ನಿಜ, ಆದರೂ ಆ ತಿಂಗಳು ಮನೆಯಲ್ಲಿ ದೊಡ್ಡ ಮಾತೇ ನಡೆಯುತ್ತದೆ. 5 ವರ್ಷದ ಅಂಕಿ ನೋಡಿಕೊಂಡು 30 ವರ್ಷದ ಗೃಹಸಾಲಕ್ಕೆ ಸಹಿ ಹಾಕುವುದು ಬೇಡ. ಬ್ಯಾಂಕಿನಲ್ಲಿದ್ದ ನಿಮಗೆ ಇದನ್ನು ನಾನು ಹೇಳಬೇಕಿಲ್ಲ.

ಬಾಡಿಗೆ ವಿಷಯದಲ್ಲಿ ಎರಡೂ ಕಡೆ ಸುಖ ಇಲ್ಲ. ಮ್ಯೂನಿಕ್‌ನಲ್ಲಿ ಹೊಸದಾಗಿ ಬಾಡಿಗೆಗೆ ಹಿಡಿಯುವವರಿಗೆ ಚದರ ಮೀಟರಿಗೆ 20 ಯೂರೋ ದಾಟಿದೆ. ಅಲ್ಲಿಗೆ 80 ಚದರ ಮೀಟರ್ ಮನೆ ಅಂದರೆ 1,600ರಿಂದ ಮೇಲೆಯೇ. ಜಾಹೀರಾತಿನಲ್ಲಿ ಕಾಲ್ಟ್ ಅಂತ ಕೊಟ್ಟಿರುವುದು ಬರೀ ಗೋಡೆಗಳ ಬಾಡಿಗೆ. ಹೀಟಿಂಗ್, ನೀರು, ಕಸದ್ದೆಲ್ಲ ಸೇರಿಸಿದ್ದು ವಾರ್ಮ್. ಕರೆಂಟು ಬಿಲ್ಲು ಆಮೇಲೆ ಬೇರೆ. ಮುಂಗಡ ಮೂರು ತಿಂಗಳ ಕಾಲ್ಟ್ ಬಾಡಿಗೆಯ ತನಕ ಕೇಳಬಹುದು. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಖಾಲಿ ಕೋಣೆ, ಗೋಡೆಯಿಂದ ಹೊರಬಂದ ಎರಡು ಪೈಪು. ಒಲೆ, ಸಿಂಕು, ಕಪಾಟು ಎಲ್ಲ ನೀವೇ ಕೊಂಡು ಹಾಕಿಸಿಕೊಳ್ಳಬೇಕು. ಮೊದಲ ತಿಂಗಳಿಗೆ ಕೈಯಲ್ಲಿ ದುಡ್ಡು ಇಟ್ಟುಕೊಂಡೇ ಹೋಗಲಿ. ಐಂಡ್‌ಹೋವನ್‌ನಲ್ಲಿ ಮನೆ ಸಿಗುವುದೇ ಕಷ್ಟ, ಚಿಪ್ ತಯಾರಿಸುವ ಯಂತ್ರಗಳ ಕಂಪನಿ ಎಎಸ್‌ಎಂಎಲ್ ಸುತ್ತ ಊರೇ ಬೆಳೆಯುತ್ತಿದೆ.

ಸ್ವಿಟ್ಜರ್ಲೆಂಡ್ ಬಗ್ಗೆ ಎರಡೇ ಮಾತು. ತೆರಿಗೆ ಕಡಿಮೆ ಅನ್ನುವುದು ನಿಜ. ಆದರೆ ಆರೋಗ್ಯ ವಿಮೆ ಅಲ್ಲಿ ತಲೆಗಿಷ್ಟು ಅಂತ ಕಟ್ಟಬೇಕು, ಮಗುವಿಗೂ ಬಿಡುವುದಿಲ್ಲ. ಸರಾಸರಿ ಕಂತಿನ ಲೆಕ್ಕದಲ್ಲಿ ನಿಮ್ಮ ಮಗಳ ಮನೆಯ ನಾಲ್ವರಿಗೆ ತಿಂಗಳಿಗೆ 1,100 ಫ್ರಾಂಕ್ ದಾಟುತ್ತದೆ. ಜ್ಯೂರಿಕ್‌ನಲ್ಲಿ ಎರಡು ವರ್ಷದ ಮಗುವನ್ನು ಡೇ ಕೇರ್‌ಗೆ ಬಿಟ್ಟರೆ ದಿನಕ್ಕೇ 100 ಫ್ರಾಂಕ್‌ಗಿಂತ ಜಾಸ್ತಿ. ಮೇಲಾಗಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಅಲ್ಲಿ ವರ್ಷಕ್ಕೆ ಇಂತಿಷ್ಟೇ ಪರ್ಮಿಟ್ ಅಂತ ಮಿತಿ ಇದೆ. ಕೈಯಲ್ಲಿ ಎರಡು ಆಫರ್ ಇಟ್ಟುಕೊಂಡು ಅದಕ್ಕೆ ಕಾಯುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಿಮ್ಮ ಪತ್ರದ ಒಂದು ಸಾಲಿಗೆ ಬರುತ್ತೇನೆ. ಮಗಳು ಕೆಲಸ ಬಿಡುತ್ತಾಳೆ ಅಂತ ಒಂದೇ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಪ್ರಕಾರ ಇಡೀ ಲೆಕ್ಕ ನಿಂತಿರುವುದು ಅಲ್ಲೇ. ಜರ್ಮನಿಯ ಪದ್ಧತಿ ಒಬ್ಬರೇ ದುಡಿಯುವ ಮನೆಗೆ ಅನುಕೂಲ. ನಾಳೆ ಮಗಳು ಅಲ್ಲಿ ಕೆಲಸಕ್ಕೆ ಸೇರಿದರೆ, ಗಂಡ ಮೂರನೇ ವರ್ಗದಲ್ಲೇ ಇದ್ದರೆ, ಅವಳನ್ನು ಐದನೇ ವರ್ಗಕ್ಕೆ ಹಾಕುತ್ತಾರೆ, ಅವಳ ಸಣ್ಣ ಸಂಬಳದಲ್ಲಿ ದೊಡ್ಡ ಪಾಲು ಹಿಡಿಯುತ್ತಾರೆ. ಇಬ್ಬರೂ ನಾಲ್ಕನೇ ವರ್ಗಕ್ಕೆ ಬದಲಿಸಿಕೊಳ್ಳಬಹುದು, ಆದರೆ ಅಷ್ಟು ಹೊತ್ತಿಗೆ "ಇಷ್ಟಕ್ಕೆ ಯಾಕೆ ಹೋಗೋದು" ಅಂತ ಮನೆಯಲ್ಲೇ ಕೂತ ಎಷ್ಟು ಹೆಣ್ಣುಮಕ್ಕಳಿಲ್ಲ? ನೆದರ್ಲೆಂಡ್ಸ್‌ನಲ್ಲಿ ಗಂಡನ ಸಂಬಳದ ತೆರಿಗೆ ಗಂಡನದು, ಹೆಂಡತಿಯದು ಹೆಂಡತಿಯದು. ಅವಳ ಆದಾಯ ಕೆಳಗಿನ ದರದಿಂದಲೇ ಶುರುವಾಗುತ್ತದೆ. ಡೇ ಕೇರ್ ವಾರಪೂರ್ತಿ ಅಂದರೆ ತಿಂಗಳಿಗೆ 2,000 ದಾಟುತ್ತದೆ, ಆದರೆ ಇಬ್ಬರೂ ದುಡಿಯುತ್ತಿದ್ದರೆ ಮಾತ್ರ ಸರ್ಕಾರ ಅದರಲ್ಲಿ ಪಾಲು ಕೊಡುತ್ತದೆ. ನಾಲ್ಕು ತುಂಬಿದರೆ ಮಗು ಶಾಲೆಗೇ ಹೋಗುತ್ತದೆ. ಎರಡೂ ದೇಶಗಳಲ್ಲಿ ಗಂಡನ ಜೊತೆ ಹೋದ ಹೆಂಡತಿಗೆ ಕೆಲಸ ಮಾಡುವ ಹಕ್ಕು ಇದೆ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಗಳಿಗೆ ವರ್ಷದೊಳಗೆ ಕೆಲಸ ಹಿಡಿಯುವ ಮನಸ್ಸಿದ್ದರೆ ಐಂಡ್‌ಹೋವನ್. ಚಿಕ್ಕದು ಶಾಲೆಗೆ ಹೋಗುವ ತನಕ ಮನೆಯಲ್ಲೇ ಇರುತ್ತೇನೆ, ಅಲ್ಲೇ ನೆಲೆಸಬೇಕು ಅಂತಿದ್ದರೆ ಮ್ಯೂನಿಕ್. ಇದನ್ನು ಬೀಗರಲ್ಲ, ನೀವಲ್ಲ, ನಾನೂ ಅಲ್ಲ, ಮಗಳನ್ನೇ ಕೂರಿಸಿಕೊಂಡು ಕೇಳಬೇಕು, ಅಲ್ವಾ?

ಐಂಡ್‌ಹೋವನ್ ಆದರೆ ಎರಡು ಎಚ್ಚರಿಕೆ. ಒಪ್ಪಂದಕ್ಕೆ ಸಹಿ ಭಾರತದಲ್ಲಿರುವಾಗಲೇ ಆಗಲಿ, ಅಲ್ಲಿಗೆ ಹೋಗಿ ನೆಲೆಸಿದ ಮೇಲೆ ಸಹಿ ಹಾಕಿದರೆ ಹೊರದೇಶದಿಂದ ಕರೆಸಿಕೊಂಡವರು ಅಂತ ಒಪ್ಪಿಸುವುದು ಕಷ್ಟ. ತೆರಿಗೆ ರಿಯಾಯಿತಿಯ ಅರ್ಜಿ ಕೆಲಸಕ್ಕೆ ಸೇರಿದ 4 ತಿಂಗಳೊಳಗೆ ಹೋಗಬೇಕು, ತಡವಾದರೆ ಮೊದಲ ದಿನದಿಂದ ಸಿಗುವುದಿಲ್ಲ. ಕಂಪನಿಯವರೇ ಮಾಡುತ್ತಾರೆ ಅಂತ ಬಿಡದೆ, ಅರ್ಜಿ ಯಾವ ತಾರೀಖಿಗೆ ಹೋಗುತ್ತದೆ ಅಂತ ಅಳಿಯಂದಿರು ಬರವಣಿಗೆಯಲ್ಲೇ ಕೇಳಿ ಇಟ್ಟುಕೊಳ್ಳಲಿ.

— ಸಂಪಾದಕ