ಸ್ಟಿಕರ್‌ನಲ್ಲಿ 23, ರಸ್ತೆಯಲ್ಲಿ 18: ಟ್ರಕ್ ಕೆಟ್ಟಿದೆಯಾ?

ಪ್ರಶ್ನೆ: ಸರ್, ನನ್ನದು 2021ರ ಫೋರ್ಡ್ ಎಫ್-150 ಪಿಕಪ್ ಟ್ರಕ್, 3.5 ಲೀಟರ್ ಈಕೋಬೂಸ್ಟ್ (ಟರ್ಬೊ) ಎಂಜಿನ್, ಫೋರ್-ವೀಲ್ ಡ್ರೈವ್. ಹೊಸ ಗಾಡಿಗೆ ಅಂಟಿಸುವ ಮೈಲೇಜ್ ಸ್ಟಿಕರ್‌ನಲ್ಲಿ ಹೈವೇಗೆ 23 ಎಂಪಿಜಿ (ಒಂದು ಗ್ಯಾಲನ್‌ಗೆ ಇಷ್ಟು ಮೈಲಿ) ಇದೆ. ಮಾರ್ಚ್‌ನಲ್ಲಿ ಡಲ್ಲಾಸ್‌ನಿಂದ ಎಲ್ ಪಾಸೊಗೆ ಹೋದಾಗ ಕ್ರೂಸ್ ಕಂಟ್ರೋಲ್ (ವೇಗ ಒಂದೇ ಸಮ ಇಡುವ ವ್ಯವಸ್ಥೆ) ಗಂಟೆಗೆ 78 ಮೈಲಿಗೆ ಇಟ್ಟಿದ್ದೆ. ಪಂಪ್‌ನಲ್ಲಿ ಹಾಕಿಸಿದ ಗ್ಯಾಸ್ (ಪೆಟ್ರೋಲ್) ಮತ್ತು ಓಡೋಮೀಟರ್ ಹಿಡಿದು ಲೆಕ್ಕ ಹಾಕಿದರೆ ಬರೀ 18. 32 ಇಂಚಿನ ಕಂಪನಿ ಟೈರ್ ತೆಗೆದು 34ರ ಆಲ್-ಟೆರೇನ್ (ಕಚ್ಚಾ ರಸ್ತೆಗೂ ಆಗುವ) ಟೈರ್ ಹಾಕಿಸಿದ್ದೇನೆ. ಸರ್ವೀಸ್‌ಗೆ ಬಿಡಬೇಕಾ? ಟೈಲ್‌ಗೇಟ್ (ಹಿಂದಿನ ಬಾಗಿಲು) ಇಳಿಸಿ ಓಡಿಸಿದರೆ ಉಳಿತಾಯ ಆಗುತ್ತಾ? ಇಲ್ಲ, ಇದನ್ನು ಮಾರಿ ಹೈಬ್ರಿಡ್ ತಗೊಳ್ಳಲಾ?
– ಓದುಗರು, ಪ್ಲೇನೋ, ಟೆಕ್ಸಾಸ್

ಉತ್ತರ: ಎಂಜಿನ್ ಲೈಟ್ ಹತ್ತಿಲ್ಲ, ಓಟದಲ್ಲಿ ಬದಲಾವಣೆ ಇಲ್ಲ ಅಂದರೆ ಸರ್ವೀಸ್‌ಗೆ ಬಿಡುವ ಅಗತ್ಯ ಇಲ್ಲ. ನೀವು ಕೊಟ್ಟ ವಿವರದಲ್ಲೇ ಕಾರಣ ಇದೆ.

ಮೊದಲು ಟೈರ್. ಟೈರ್ ದೊಡ್ಡದಾದರೆ ಒಂದು ಸುತ್ತಿಗೆ ಜಾಸ್ತಿ ದೂರ ಹೋಗುತ್ತದೆ. ಆದರೆ ಟ್ರಕ್‌ನ ಕಂಪ್ಯೂಟರ್ ಇನ್ನೂ 32 ಇಂಚು ಅಂತಲೇ ಲೆಕ್ಕ ಹಾಕುತ್ತಿರುತ್ತದೆ. ಓಡೋಮೀಟರ್ 600 ಮೈಲಿ ತೋರಿಸಿದಾಗ ನೀವು ಸುಮಾರು 637 ಮೈಲಿ ಬಂದಿರುತ್ತೀರಿ. ಹಾಗಾಗಿ ನಿಮ್ಮ 18 ನಿಜಕ್ಕೂ 19. ಇದು ಖುಷಿಯ ಸುದ್ದಿ. ಇನ್ನೊಂದು ಅಷ್ಟು ಖುಷಿಯದ್ದಲ್ಲ: ಸ್ಪೀಡೋಮೀಟರ್‌ನಲ್ಲಿ 78 ಇದ್ದಾಗ ನೀವು ಓಡಿಸಿದ್ದು 82-83ರ ಆಸುಪಾಸಿನಲ್ಲಿ! ಪಶ್ಚಿಮ ಟೆಕ್ಸಾಸ್‌ನಲ್ಲಿ ಮಿತಿ 80 ಇರುವ ಕಡೆಯೂ ಅದು ಮಿತಿ ದಾಟಿದಂತೆ. ಹೊಸ ಟೈರ್‌ಗೆ ತಕ್ಕ ಹಾಗೆ ಕಂಪ್ಯೂಟರ್‌ನಲ್ಲಿ ಅಳತೆ ಬದಲಾಯಿಸಿಕೊಡಿ ಎಂದು ಮೆಕ್ಯಾನಿಕ್‌ಗೆ ಹೇಳಿ. ಆಲ್-ಟೆರೇನ್ ಟೈರ್ ಭಾರ ಜಾಸ್ತಿ, ಉರುಳುವಾಗ ತಡೆಯೂ ಜಾಸ್ತಿ. ಆ ನಷ್ಟ ಮಾತ್ರ ಯಾವ ಸೆಟ್ಟಿಂಗ್‌ನಿಂದಲೂ ಹೋಗಲ್ಲ.

ಈಗ ಸ್ಟಿಕರ್ ವಿಷಯ. ಇಪಿಎ (ಅಮೆರಿಕದ ಪರಿಸರ ಸಂಸ್ಥೆ) ಹೈವೇ ಪರೀಕ್ಷೆ ರಸ್ತೆಯಲ್ಲಿ ನಡೆಯುವುದಿಲ್ಲ, ಲ್ಯಾಬ್‌ನಲ್ಲಿ ರೋಲರ್ ಮೇಲೆ ನಡೆಯುತ್ತದೆ. ಅದರ ಸರಾಸರಿ ವೇಗ 48 ಮೈಲಿ, ಅತಿ ಹೆಚ್ಚು ಅಂದರೆ 60. 2008ರ ಮಾಡೆಲ್‌ಗಳಿಂದ 80ರವರೆಗೆ ಹೋಗುವ ಇನ್ನೊಂದು ಪರೀಕ್ಷೆಯನ್ನೂ ಲೆಕ್ಕಕ್ಕೆ ಸೇರಿಸಿದರು. ಆದರೆ ಅದು ಹತ್ತು ನಿಮಿಷದ್ದು. ನೀವು 80ರ ಮೇಲೆ ಗಂಟೆಗಟ್ಟಲೆ ಓಡಿಸಿದ್ದೀರಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ (ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು). 65ಕ್ಕೆ ಹೋಲಿಸಿದರೆ 82ರಲ್ಲಿ ಅದು ಶೇ 59ರಷ್ಟು ಜಾಸ್ತಿ. ಕಾರಿನಲ್ಲೂ ಲೆಕ್ಕ ಇದೇ, ಆದರೆ ಫುಲ್-ಸೈಜ್ ಪಿಕಪ್ ಅಂದರೆ ಬೀರುವನ್ನು ನಿಲ್ಲಿಸಿಕೊಂಡೇ ಓಡಿಸಿದ ಹಾಗೆ. ಎದುರಿನ ಅಗಲವೂ ದೊಡ್ಡದು, ಎತ್ತರವೂ ಜಾಸ್ತಿ. ಈಕೋಬೂಸ್ಟ್ ಮಾಲೀಕರೇ ತಮಾಷೆ ಮಾಡುತ್ತಾರೆ: ಈಕೋ ಬೇಕಾ, ಬೂಸ್ಟ್ ಬೇಕಾ, ಎರಡೂ ಒಟ್ಟಿಗೆ ಸಿಗಲ್ಲ.

ಮಾರ್ಚ್ ಬೇರೆ! ಆ ಕಡೆ ವಸಂತದಲ್ಲಿ ಪಶ್ಚಿಮದ ಗಾಳಿ ಜೋರು, ನೀವು ಹೋಗಿದ್ದೂ ಪಶ್ಚಿಮಕ್ಕೆ. 15 ಮೈಲಿ ವೇಗದ ಎದುರುಗಾಳಿ ಇದ್ದರೆ ಟ್ರಕ್ ಪಾಲಿಗೆ 82 ಅಲ್ಲ, 97. ತಡೆ ಮತ್ತೆ ಶೇ 40 ಏರಿತು. ಎಲ್ ಪಾಸೊ ಡಲ್ಲಾಸ್‌ಗಿಂತ 3,000 ಅಡಿಗೂ ಹೆಚ್ಚು ಎತ್ತರದಲ್ಲಿದೆ. ಆದರೂ ಏರುವುದಕ್ಕೆ ತಿಂದ ಗ್ಯಾಸ್ ಒಂದು ಗ್ಯಾಲನ್‌ಗಿಂತ ಕಡಿಮೆಯೇ. ದೊಡ್ಡ ಕಳ್ಳ ಗಾಳಿಯೇ. ಅದಕ್ಕೇ ಒಂದು ದಿಕ್ಕಿನ ಲೆಕ್ಕ ನಂಬಬೇಡಿ, ಹೋಗಿ ಬಂದ ಎರಡೂ ಸೇರಿಸಿ ನೋಡಿ. ಅಂದಹಾಗೆ, ಊರಿನವರಿಗೆ 18 ಎಂಪಿಜಿ ಅಂದರೆ ಲೀಟರ್‌ಗೆ 7.65 ಕಿಲೋಮೀಟರ್ ಅಂತ ಬಿಡಿಸಿ ಹೇಳಲು ಹೋಗಬೇಡಿ. ಸುಮ್ನೆ ಬೈಸಿಕೊಳ್ಳುತ್ತೀರಿ.

ಟೈಲ್‌ಗೇಟ್ ಮುಚ್ಚಿಯೇ ಇರಲಿ. ಮುಚ್ಚಿದಾಗ ಬೆಡ್‌ನೊಳಗೆ (ಹಿಂದೆ ಸಾಮಾನು ಇಡುವ ಜಾಗ) ಗಾಳಿ ಸುಳಿಯಾಗಿ ಅಲ್ಲೇ ಸುತ್ತುತ್ತಿರುತ್ತದೆ, ಮೇಲಿನ ಗಾಳಿ ಅದರ ಮೇಲೆ ಜಾರಿ ಹೋಗುತ್ತದೆ. ಇಳಿಸಿದರೆ ಆ ಸುಳಿ ಒಡೆಯುತ್ತದೆ. ಲಾಭ ಇಲ್ಲ, ಸಾಮಾನು ಬೀಳುವ ಭಯ ಬೇರೆ.

ಹೈಬ್ರಿಡ್ ಬಗ್ಗೆ ನೇರವಾಗಿ ಹೇಳುತ್ತೇನೆ: ಹೈವೇಗೋಸ್ಕರ ಬೇಡ. ಅದೇ 2021ರ ಎಫ್-150 ಪವರ್‌ಬೂಸ್ಟ್ ಹೈಬ್ರಿಡ್ ಫೋರ್-ವೀಲ್ ಡ್ರೈವ್‌ಗೆ ಇಪಿಎ ಕೊಟ್ಟಿದ್ದು ಸಿಟಿಯಲ್ಲಿ 24, ಹೈವೇಯಲ್ಲೂ 24. ನಿಮ್ಮದು 18 ಮತ್ತು 23. ಲಾಭ ಎಲ್ಲಿದೆ ನೋಡಿ. ಹೈಬ್ರಿಡ್ ಬ್ರೇಕ್ ಹಾಕಿದಾಗ ಶಕ್ತಿ ವಾಪಸ್ ಪಡೆಯುತ್ತದೆ. ಐ-20 ಹೈವೇಯಲ್ಲಿ ನೀವು ಬ್ರೇಕ್ ಮುಟ್ಟುವುದೇ ಅಪರೂಪ ಅಲ್ವಾ? ಆಫೀಸಿಗೆ ದಿನಾ ಟ್ರಾಫಿಕ್‌ನಲ್ಲಿ ಓಡಿಸುವವರಾದರೆ ಬೇರೆ ಮಾತು. ಬರೀ ಹೈವೇ ಅಂದರೆ ಶೆವ್ರೊಲೆ ಸಿಲ್ವರಾಡೊದ 3.0 ಲೀಟರ್ ಡೀಸೆಲ್ ನೋಡಬಹುದು, 2020ರ ಟೂ-ವೀಲ್ ಡ್ರೈವ್‌ಗೆ ಹೈವೇಯಲ್ಲಿ 33 ಅಂತ ರೇಟಿಂಗ್ ಇತ್ತು. ಆದರೆ ನಿಮ್ಮ ಕಡೆ ಡೀಸೆಲ್ ಬೆಲೆ ಎಷ್ಟಿದೆ ನೋಡಿಕೊಂಡು ಹೋಗಿ. ಅದಕ್ಕೂ ಮೊದಲು ಮುಂದಿನ ಪ್ರಯಾಣದಲ್ಲಿ ನಿಜವಾದ 70ಕ್ಕೆ ಕ್ರೂಸ್ ಇಟ್ಟು ನೋಡಿ. ಈ ಪ್ರಯೋಗಕ್ಕೆ ಖರ್ಚಿಲ್ಲ.